ಉತ್ತರ ಫೋನ್ ಕೊಡುತ್ತೆ, ಲೆಕ್ಕ ಯಾರು ಮಾಡೋದು?

ಮಕ್ಕಳು ಹೈಸ್ಕೂಲ್ ಹತ್ತಿರ ಬಂದರೆ ಮನೆಗೆ ಬೀಜಗಣಿತವೂ ಬಂತು ಅಂತಲೇ ಅರ್ಥ. ಆಫೀಸಿಂದ ಸುಸ್ತಾಗಿ ಬಂದ ಅಪ್ಪ-ಅಮ್ಮನ ಮುಂದೆ ರಾತ್ರಿ ಒಂಬತ್ತಕ್ಕೆ ‘ಸಂಕ್ಷೇಪಿಸಿ’ ಅನ್ನೋ ಲೆಕ್ಕ. ಫೋನ್ ತೆಗೆದು ಆನ್‌ಲೈನ್ ಕ್ಯಾಲ್ಕುಲೇಟರ್‌ಗೆ ಹಾಕಿದ್ರೆ ಎರಡು ಸೆಕೆಂಡಲ್ಲಿ ಉತ್ತರ. ಮಗು ಅದನ್ನೇ ಬರೆದುಕೊಳ್ಳುತ್ತೆ, ಹೋಮ್‌ವರ್ಕ್ ಮುಗೀತು. ಆದರೆ ಪರೀಕ್ಷೆಯಲ್ಲಿ ಅಂಕ ಇರೋದು ಹಂತಗಳಿಗೆ. ಅಲ್ಲಿ ಫೋನ್ ಇರಲ್ಲ.

ಹಾಗಂತ ಕ್ಯಾಲ್ಕುಲೇಟರ್ ಬೇಡ ಅಂತಲ್ಲ, ಬಳಸೋ ಕ್ರಮ ಬದಲಾಗಲಿ. ಪುಸ್ತಕದ ‘ಎಕ್ಸ್’ ಬದಲು ಇಲ್ಲಿ ‘ಅ’ ಅಂತಿಟ್ಟುಕೊಳ್ಳೋಣ. 1150ರ ‘ಬೀಜಗಣಿತ’ದಲ್ಲಿ ಭಾಸ್ಕರಾಚಾರ್ಯರು ಇಂಥ ಅವ್ಯಕ್ತಗಳನ್ನು ಕಾಲಕ, ನೀಲಕ, ಪೀತಕ ಅಂತ ಬಣ್ಣಗಳ ಹೆಸರಲ್ಲೇ ಕರೆದಿದ್ದರು. ಅಕ್ಷರ ಯಾವುದಾದರೇನು?

ಲೆಕ್ಕ ಹೀಗಿದೆ: 3(ಅ + 2) − 2(ಅ − 5). ಮೊದಲು ಮಗುವೇ ಮಾಡಲಿ. ಆವರಣ ಬಿಡಿಸಿದರೆ 3ಅ + 6 − 2ಅ + 10. ಸಜಾತಿ ಪದಗಳನ್ನು ಕೂಡಿಸಿದರೆ ಅ + 16. ಬಹಳ ಮಕ್ಕಳು ಎಡವೋದು ಕೊನೆಯ ಆವರಣದಲ್ಲಿ. ಮೈನಸ್ ಇಂಟು ಮೈನಸ್ ಪ್ಲಸ್ ಅನ್ನೋದು ಮರೆತು −10 ಅಂತ ಬರೀತಾರೆ, ಉತ್ತರ ಅ − 4 ಆಗುತ್ತೆ. ಈಗ ಫೋನ್ ನೋಡಲಿ. ಎರಡೂ ಹೊಂದದಿದ್ದರೆ ಯಾವ ಸಾಲಲ್ಲಿ ದಾರಿ ತಪ್ಪಿತು ಅಂತ ಮಗುವೇ ಹುಡುಕಲಿ. ಕಲಿಕೆ ಆಗೋದು ಆ ಹುಡುಕಾಟದಲ್ಲೇ.

ಫೋನ್ ಇಲ್ಲದೆಯೂ ತಾಳೆ ನೋಡಬಹುದು. ಅ ಜಾಗದಲ್ಲಿ 1 ಹಾಕಿ. ಮೂಲ ಲೆಕ್ಕ: 3 × 3 − 2 × (−4), ಅಂದರೆ 9 + 8 = 17. ಅ + 16 ಕೂಡ 17. ಅ − 4 ಆದರೆ −3. ತಪ್ಪು ಸಿಕ್ಕಿಬಿತ್ತು! ಈ ಉಪಾಯ ಪರೀಕ್ಷಾ ಹಾಲ್‌ನಲ್ಲೂ ನಡೆಯುತ್ತೆ. ಒಂದು ಸಂಖ್ಯೆಗೆ ಹೊಂದಿದ ಮಾತ್ರಕ್ಕೆ ಉತ್ತರ ಸರಿ ಅಂತ ಖಾತ್ರಿ ಇಲ್ಲ, ಹೊಂದದಿದ್ದರೆ ಮಾತ್ರ ತಪ್ಪು ಖಂಡಿತ. ಇನ್ನೊಂದು ಸಂಖ್ಯೆಯನ್ನೂ ಹಾಕಿ ನೋಡಿದ್ರೆ ಒಳ್ಳೇದು.

ಕ್ಯಾಲ್ಕುಲೇಟರ್ ಬಳಸುವಾಗ ಎರಡು ಎಚ್ಚರಿಕೆ. ಒಂದು, ಟೈಪ್ ಮಾಡೋ ರೀತಿ. ‘ಅ + 6’ ಪೂರ್ತಿ 2ರಿಂದ ಭಾಗಿಸಬೇಕಿದ್ದರೆ (ಅ + 6)/2 ಅಂತ ಆವರಣ ಹಾಕಲೇಬೇಕು. ಬರೀ ಅ + 6/2 ಅಂತ ಹಾಕಿದ್ರೆ ಅದು 6ನ್ನು ಮಾತ್ರ ಭಾಗಿಸಿ ಅ + 3 ಅನ್ನುತ್ತೆ. ಯಂತ್ರದ ತಪ್ಪಲ್ಲ, ನಾವು ಕೇಳಿದ್ದೇ ಹಾಗೆ.

ಎರಡು, ಹೊಡೆದುಹಾಕುವಾಗ ಮರೆಯಾಗೋ ಷರತ್ತು. (ಅ² − 9)/(ಅ − 3) ಹಾಕಿದ್ರೆ ಅ + 3 ಬರುತ್ತೆ. ಆದರೆ ಅ = 3 ಆದಾಗ ಮೂಲದಲ್ಲಿ ಛೇದ ಸೊನ್ನೆ, ಭಾಗಿಸೋಕೇ ಆಗಲ್ಲ. ‘ಅ, 3 ಆಗಿರಬಾರದು’ ಅಂತ ಪಕ್ಕದಲ್ಲಿ ಬರೆಯೋದು ನಮ್ಮ ಕೆಲಸ.

ಇವತ್ತು ರಾತ್ರಿ ಮಗು ಫೋನ್ ಕೇಳಿದ್ರೆ ಕೊಡಿ. ಕೊಡೋ ಮುಂಚೆ ಒಂದೇ ಮಾತು ಹೇಳಿ: “ನಿನ್ನ ಉತ್ತರ ಮೊದಲು ತೋರ್ಸು, ಪುಟ್ಟಾ.”