ಹುಲಿಯನ್ನು ಮರೆತ ವಿಮರ್ಶೆ

ಮಕ್ಕಳಿಗಾಗಿ ಮಾಡಿದ ಚಲಚ್ಚಿತ್ರವನ್ನು ನೋಡಿ ಬಂದ ದೊಡ್ಡವರು ಅದರಲ್ಲಿ ರಾಜಕೀಯವನ್ನು ಅಗೆಯತೊಡಗಿದರೆ ನಗಬೇಕೋ ತಲೆದೂಗಬೇಕೋ ಎಂಬುದು ಈಚೆಗೆ ನನ್ನನ್ನು ಕಾಡುತ್ತಿರುವ ಪ್ರಶ್ನೆ. ನಕ್ಕುಬಿಡುವುದು ಸುಲಭ. ಆದರೆ ಮಕ್ಕಳ ಕಥೆಯಲ್ಲಿ ರಾಜಕೀಯ ಇರಲಾರದೆಂದು ವಾದಿಸುವವರು ಇತಿಹಾಸವನ್ನು ಮರೆತವರು. ಆರ್ವೆಲ್ಲನ ‘ಅನಿಮಲ್ ಫಾರ್ಮ್’ ಕೃತಿಯನ್ನು 1954ರಲ್ಲಿ ಇಂಗ್ಲೆಂಡಿನ ಹಾಲಸ್–ಬ್ಯಾಚೆಲರ್ ದಂಪತಿಗಳು ಅನಿಮೇಷನ್ ಚಿತ್ರವಾಗಿ ತೆರೆಗೆ ತಂದರು. ಅದರ ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆಯ ಹಣವಿತ್ತೆಂಬುದು ದಶಕಗಳ ಮೇಲೆ ಹೊರಬಿದ್ದಿತು. ಪುಸ್ತಕದ ಕೊನೆಯಲ್ಲಿ ಹಂದಿ ಯಾವುದು, ಮನುಷ್ಯ ಯಾರು ಎಂಬುದರ ಗುರುತು ಸಿಗದೆ ಪ್ರಾಣಿಗಳು ಕಿಟಕಿಯ ಹೊರಗೆ ದಿಕ್ಕುಗೆಟ್ಟು ನಿಲ್ಲುತ್ತವೆ; ಚಿತ್ರದ ಕೊನೆಯಲ್ಲಾದರೋ ಹಂದಿಗಳ ಮೇಲೆ ದಂಗೆ ಏಳುತ್ತವೆ. ಇಲ್ಲಿ ರಾಜಕೀಯವನ್ನು ಕಂಡವನು ಇಲ್ಲದ್ದನ್ನು ಕಲ್ಪಿಸಿದವನಲ್ಲ. ಬದಲಾದ ಕೊನೆಯೇ ಅವನ ಸಾಕ್ಷಿ.

ಇನ್ನೊಂದು ಬಗೆಯ ಓದೂ ಉಂಟು. ಬೆಲ್ಜಿಯಮ್ಮಿನ ಪೇಯೋ 1958ರಲ್ಲಿ ಸೃಷ್ಟಿಸಿದ, ಮುಂದೆ ಟೆಲಿವಿಷನ್ನಿನ ಮೂಲಕ ಲೋಕವನ್ನೆಲ್ಲ ಸುತ್ತಿದ ‘ಸ್ಮರ್ಫ್’ ಎಂಬ ನೀಲಿ ಕುಳ್ಳರ ಹಳ್ಳಿಯು ಸ್ಟಾಲಿನನ ಆಡಳಿತದ ಪ್ರತಿರೂಪವೆಂದು ಫ್ರಾನ್ಸಿನ ಆಂತ್ವಾನ್ ಬ್ಯುಎನೋ 2011ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಹಿರಿಯ ಕುಳ್ಳನ ಕೆಂಪು ಟೋಪಿಯೂ ಅವರಿಗೆ ಒಂದು ಆಧಾರ. ಬಣ್ಣವೇ ಸಾಕ್ಷಿಯಾಗುವುದಾದರೆ, ಕೆಂಪು ಅಂಗಿ ತೊಟ್ಟು ನಮ್ಮ ರೈಲು ನಿಲ್ದಾಣಗಳಲ್ಲಿ ಹೊರೆ ಹೊರುವವರೆಲ್ಲರೂ ಕ್ರಾಂತಿಕಾರಿಗಳಾಗಬೇಕಾದೀತು!

ದೂರದ ಮಾತು ಅಷ್ಟಿರಲಿ. ನಮ್ಮ ಅಂಗಳಕ್ಕೇ ಬರೋಣ. ಪುಣ್ಯಕೋಟಿಯ ಹಾಡನ್ನು ಕೇಳದೆ ಬೆಳೆದ ಕನ್ನಡದ ಮಗು ವಿರಳ. ತಾಯಂದಿರ ಬಾಯಿಂದ ಪಠ್ಯಪುಸ್ತಕಕ್ಕೆ, ಅಲ್ಲಿಂದ ಬೆಳ್ಳಿತೆರೆಗೆ ಅದು ನಡೆದುಬಂದಿದೆ. 1977ರಲ್ಲಿ ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು ಭೈರಪ್ಪನವರ ಕಾದಂಬರಿಯನ್ನು ಆಧರಿಸಿ ‘ತಬ್ಬಲಿಯು ನೀನಾದೆ ಮಗನೆ’ ಚಿತ್ರವನ್ನು ಮಾಡಿದಾಗ ಆ ಹಸು ಪೂರ್ವ–ಪಶ್ಚಿಮಗಳ ಜೀವನದೃಷ್ಟಿಯ ವಾದಕ್ಕೆ ವಸ್ತುವಾಯಿತು. ಅದು ದೊಡ್ಡವರಿಗಾಗಿ ಮಾಡಿದ ಚಿತ್ರ. ತನ್ನ ವಾದವನ್ನು ಅದು ಮುಚ್ಚಿಡಲೂ ಇಲ್ಲ. 2020ರಲ್ಲಿ ಬೆಂಗಳೂರಿನ ರವಿಶಂಕರ್ ಅವರ ನಿರ್ದೇಶನದಲ್ಲಿ ‘ಪುಣ್ಯಕೋಟಿ’ ಸಂಸ್ಕೃತದ ಅನಿಮೇಷನ್ ಚಿತ್ರವಾಗಿ ಬಂದಿತು. ಸಾರ್ವಜನಿಕರ ವಂತಿಗೆ ಅದಕ್ಕೆ ಆಸರೆಯಾಯಿತು. ಇಳಯರಾಜ ಸಂಗೀತ ನೀಡಿದರು. ಮನುಷ್ಯನೂ ಕಾಡುಮೃಗವೂ ಒಂದೇ ನೆಲದಲ್ಲಿ ಹೊಂದಿ ಬಾಳುವ ಪ್ರಶ್ನೆಯನ್ನೂ ಅದು ಕಥೆಗೆ ಹೆಣೆದುಕೊಂಡಿದೆ.

ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ವಿಧಾನಸಭೆಯು ಜಾನುವಾರು ಹತ್ಯೆ ಪ್ರತಿಬಂಧಕ ಮಸೂದೆಯನ್ನು ಅಂಗೀಕರಿಸಿತು. 2022ರಲ್ಲಿ ಗೋಶಾಲೆಯ ದನಗಳನ್ನು ದತ್ತು ಪಡೆಯುವ ಸರ್ಕಾರಿ ಯೋಜನೆಗೆ ‘ಪುಣ್ಯಕೋಟಿ’ ಎಂದೇ ಹೆಸರಾಯಿತು. ತೊಟ್ಟಿಲ ಹಾಡಿನ ಹಸು ಕಡತ ಸೇರಿದ ಮೇಲೆ ಅದರ ಸುತ್ತ ಮಾತು ಬೆಳೆಯದಿರುವುದು ಹೇಗೆ?

ಆ ಮಾತುಗಳನ್ನು ನಮ್ಮ ಮಹಾಲಕ್ಷ್ಮಿ ಲೇಔಟಿನಲ್ಲೇ ಕೇಳಿದ್ದೇನೆ. ವೀರಾಂಜನೇಯಸ್ವಾಮಿಯ ಗುಡಿಯ ಕಡೆಗೆ ಸಂಜೆ ತಿರುಗಾಡಲು ಹೋಗುವ ನಮ್ಮ ಗುಂಪಿನಲ್ಲಿ ನಿವೃತ್ತ ಉಪಾಧ್ಯಾಯರಿದ್ದಾರೆ, ಕಾಲೇಜಿನಲ್ಲಿ ಓದುವ ತರುಣರೂ ಇದ್ದಾರೆ. ಒಬ್ಬರು ಹೇಳುತ್ತಾರೆ: ‘ಹಸುವಿನ ಕಥೆ, ಅದೂ ಸಂಸ್ಕೃತದಲ್ಲಿ, ಉದ್ದೇಶವೇನೆಂದು ಬಿಡಿಸಿ ಹೇಳಬೇಕೆ? ಮಾಂಸ ತಿನ್ನುವವನು ನಾಚಿ ಸಾಯಬೇಕೆಂಬುದೇ ಇದರ ಪಾಠ.’ ಇನ್ನೊಬ್ಬರಿಗೆ ಅದೇ ಚಿತ್ರ ಗೋರಕ್ಷಣೆಯ ಬಾವುಟ. ಅದನ್ನು ಮೆಚ್ಚದವನು ಅವರ ಪಾಲಿಗೆ ನಾಡಿನ ಸಂಸ್ಕೃತಿಗೇ ಹೊರಗಿನವನು. ಬಯ್ಯುವವರೂ ಹೊಗಳುವವರೂ ಚಿತ್ರದಲ್ಲಿ ಕಾಣುವುದು ಒಂದನ್ನೇ. ಇಬ್ಬರಿಗೂ ಬೇಕಾದದ್ದು ಹಸುವಿನ ಹೆಸರು, ಕಥೆಯಲ್ಲ.

ಕಥೆ ಏನು ಹೇಳುತ್ತದೆ? ಹಸಿದ ಅರ್ಬುತನು ಅಡ್ಡಗಟ್ಟಿದಾಗ ಪುಣ್ಯಕೋಟಿಯು ಮಾಂಸಾಹಾರವನ್ನು ಹಳಿಯುವುದಿಲ್ಲ. ಕರುವಿಗೆ ಹಾಲೂಡಿಸಿ ಬರಲು ಅವಧಿ ಕೇಳುತ್ತಾಳೆ. ಅದನ್ನು ತನ್ನ ಬಳಗಕ್ಕೆ ಒಪ್ಪಿಸಿ ಹಿಂದಿರುಗಿ, ತಾನಾಗಿ ದೇಹವನ್ನು ಮುಂದೊಡ್ಡುತ್ತಾಳೆ. ಹುಲಿಯ ಹಸಿವು ನ್ಯಾಯವಾದದ್ದೆಂದು ಒಪ್ಪಿಕೊಂಡವಳು ಅವಳು. ಆಹಾರದ ನೆಪದಲ್ಲಿ ಈ ಹಾಡನ್ನು ಜರೆಯುವವರು ಈ ಭಾಗವನ್ನು ಓದಿಲ್ಲ. ಇನ್ನು ಬಾವುಟ ಹಿಡಿದವರ ಮಾತು. ಆ ಗವಿಯ ಬಾಗಿಲಲ್ಲಿ ಅವಳನ್ನು ಕಾಯಲು ಗೊಲ್ಲ ಕಾಳಿಂಗನಿರಲಿಲ್ಲ, ಕಾನೂನಿರಲಿಲ್ಲ, ದೊಣ್ಣೆಯಿರಲಿಲ್ಲ. ಅವಳನ್ನು ಉಳಿಸಿದ್ದು ಕೊಟ್ಟ ಮಾತು. ಆ ಮಾತಿನ ಮುಂದೆ ಕರಗಿದ ಶತ್ರುವಿನ ಮನಸ್ಸು. ಶತ್ರುವಿಗೂ ಮನಸ್ಸುಂಟೆಂದು ನಂಬಿದ ಕಥೆಯನ್ನು ಶತ್ರುವನ್ನು ಗುರುತಿಸುವ ಪಟ್ಟಿಯಾಗಿ ಬಳಸುವುದು ಎಂಥ ವಿಪರ್ಯಾಸ!

ಕನ್ನಡದ ಹಾಡನ್ನು ಸಂಸ್ಕೃತದಲ್ಲಿ ಏಕೆ ಹೇಳಬೇಕಿತ್ತು ಎಂದು ಕೇಳುವುದು ತಪ್ಪಲ್ಲ. ಭಾಷೆಯ ಆಯ್ಕೆಯೂ ಚರ್ಚೆಗೆ ಯೋಗ್ಯವಾದ ವಿಷಯವೇ. ಆದರೆ ಆ ಪ್ರಶ್ನೆಯಿಂದ ಹುಲಿಯ ಸಾವಿನ ಅರ್ಥ ದೊರೆಯದು. ವರ್ಷಗಟ್ಟಲೆ ಮೊದಲೇ ಆರಂಭವಾದ ಕೆಲಸವನ್ನು ಅದು ಮುಗಿದ ಮೇಲೆ ಬಂದ ಮಸೂದೆಗೆ ಗಂಟುಹಾಕುವುದೂ ಸಲ್ಲದು. ಒಂದೇ ವರ್ಷದಲ್ಲಿ ಘಟಿಸಿದ ಎರಡು ಸಂಗತಿಗಳು ಅಷ್ಟರಿಂದಲೇ ಕಾರಣ–ಕಾರ್ಯಗಳಾಗುವುದಿಲ್ಲ.

ಧ್ವನಿಯ ವಿಚಾರ ನಮಗೆ ಹೊಸದಲ್ಲ. ಹೇಳಿದ್ದರ ಆಚೆ ಇರುವ ಅರ್ಥವೇ ಕಾವ್ಯದ ಜೀವವೆಂದು ಸಾರಿದ ಆನಂದವರ್ಧನನೇ ಒಂದು ಎಚ್ಚರವನ್ನೂ ಕೊಟ್ಟಿದ್ದಾನೆ: ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ, ವ್ಯಂಗ್ಯಾರ್ಥ ಬೇಕಾದವನು ವಾಚ್ಯಾರ್ಥವನ್ನು ಆದರಿಸಬೇಕು. ‘ಅನಿಮಲ್ ಫಾರ್ಮ್’ ಚಿತ್ರದಲ್ಲಿ ರಾಜಕೀಯವನ್ನು ಕಂಡವರು ದೀಪವನ್ನು ನೋಡಿ ಬೆಳಕಿನ ಮಾತಾಡಿದವರು. ಕೆಂಪು ಟೋಪಿಯನ್ನೂ ಹಸುವಿನ ಹೆಸರನ್ನೂ ಹಿಡಿದು ಹೊರಟವರು ದೀಪವನ್ನು ಆರಿಸಿ, ಕತ್ತಲಲ್ಲಿ ತಮ್ಮ ಕಿಸೆಯನ್ನೇ ತಡಕಾಡುತ್ತಿರುವವರು. ಅಲ್ಲಿ ಕೈಗೆ ಸಿಕ್ಕುವುದು ತಾವು ಮೊದಲೇ ಇಟ್ಟುಕೊಂಡದ್ದು ಮಾತ್ರ.

ಇದರ ನಷ್ಟ ಯಾರಿಗೆ? ನಮ್ಮ ಬೀದಿಯ ಎಂಟು ವರ್ಷದ ಹುಡುಗಿಯೊಬ್ಬಳು ಈ ಕಥೆಯನ್ನು ಕೇಳಿ ಮುಗಿಸಿದ ಮೇಲೆ ಕೇಳಿದ್ದು ಒಂದೇ ಮಾತು: ‘ಹುಲಿ ಏನು ತಪ್ಪು ಮಾಡಿತ್ತು? ಅದು ಯಾಕೆ ಸಾಯಬೇಕಿತ್ತು?’ ನಮ್ಮ ಪಂಡಿತರ ವಾದದಲ್ಲಿ ಎಲ್ಲಿಯೂ ಏಳದ ಪ್ರಶ್ನೆ ಅದು. ಹಸಿವು ದೊಡ್ಡದೋ ಮಾತು ದೊಡ್ಡದೋ? ಬಲಹೀನನ ಸತ್ಯದ ಮುಂದೆ ಬಲಶಾಲಿಗೆ ನಾಚಿಕೆಯಾಗುವುದು ಏಕೆ? ಆ ನಾಚಿಕೆಗೆ ಸಾವಲ್ಲದೆ ಬೇರೆ ದಾರಿ ಇರಲಿಲ್ಲವೆ? ಯೋಚಿಸಿ ನೋಡಿದರೆ ರಾಜನೀತಿಯ ಮೂಲಪ್ರಶ್ನೆಗಳೇ ಇವು. ಅವನ್ನು ಮಗು ಯಾರ ನೆರವೂ ಇಲ್ಲದೆ ಮುಟ್ಟಿತು. ಪಕ್ಷಗಳ ಹೆಸರು ಅರಿಯದಿದ್ದುದೇ ಬಹುಶಃ ಅದಕ್ಕೆ ಅನುಕೂಲವಾಯಿತು.

ಆದ್ದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ. ಮಕ್ಕಳ ಚಿತ್ರದಲ್ಲಿ ರಾಜಕೀಯವಿದ್ದರೆ ಅದನ್ನು ತೋರಿಸಲು ಅಂಜಬೇಡಿ. ಆದರೆ ಕಥೆಯೊಳಗಿಂದಲೇ ಅದನ್ನು ಎತ್ತಿ ತೋರಿಸಿ. ನಿಮ್ಮ ಅರ್ಥವನ್ನು ಹೇಳುವ ಮುನ್ನ ಮಗುವಿನ ಪ್ರಶ್ನೆಗೆ ಸ್ವಲ್ಪ ಹೊತ್ತು ಬಿಡಿ. ಹಸುವಿಗೆ ಈಗ ಎಲ್ಲ ಕಡೆಯೂ ವಕೀಲರಿದ್ದಾರೆ. ಪ್ರಾಣ ಬಿಟ್ಟ ಆ ಹುಲಿಯ ಪರವಾಗಿ ಯೋಚಿಸಲು ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಮಗುವಾದರೂ ಉಳಿಯಲಿ.