ಕೊರೆದವನಿಗೆ ರೊಕ್ಕ, ಕೊರೆಸಿದವನಿಗೆ ಸಾಲ



ಇಂಡಿಯ ಲಿಂಬಿ ತೋಟವಿರಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರಿ ಹೊಲವಿರಲಿ, ಬೋರಿನ ಗಾಡಿಯವನಿಗೆ ನೀರು ಬಿದ್ದರೂ ರೊಕ್ಕ, ಧೂಳು ಹಾರಿದರೂ ರೊಕ್ಕ. ಅಡಿ ಲೆಕ್ಕ ಅವನದು, ಬಡ್ಡಿ ಲೆಕ್ಕ ನಿಮ್ಮದು. ಪಾಯಿಂಟ್ ಹಾಕಿದವನು ತೆಂಗಿನಕಾಯಿ ಹಿಡಿದು ಬಂದಿರಲಿ, ಮಷಿನ್ ಹಿಡಿದು ಬಂದಿರಲಿ, ಬೋರು ಫೇಲಾದ ದಿವಸ ಆ ಕಡೆ ತಲಿ ಹಾಕೋದಿಲ್ಲ.

ಮಷಿನ್ ಸುಳ್ಳಲ್ಲ. ಆದರೆ ಅದು ಮಾಡುವ ಕೆಲಸ ಏನು ಅಂತ ತಿಳಕೊಳ್ಳಿರಿ. ಒಂದೇ ಸಾಲಿನಲ್ಲಿ ನಾಲ್ಕು ಗೂಟ ಹೊಡೆಯುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜು ಅಳೆಯುತ್ತಾರೆ. ಇದರಿಂದ ನೆಲ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬುದು ಓಂ-ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಗಟ್ಟಿ ಕರಿಕಲ್ಲಿಗೆ ಅದು ನೂರಾರು. ಬಿರುಕು ಬಿಟ್ಟು ನೀರು ತುಂಬಿದ ಕಲ್ಲಿಗೆ ಬಹಳ ಕಡಿಮೆ. ಹೊರಗಿನ ಗೂಟಗಳನ್ನು ದೂರ ಸರಿಸಿದಷ್ಟೂ ಆಳದ ಸುದ್ದಿ ತಿಳಿಯುತ್ತದೆ. 300 ಅಡಿ ನೋಡಬೇಕಾದರೆ ಆ ಎರಡು ಗೂಟಗಳ ನಡುವೆ ಸಾವಿರ ಅಡಿಯಷ್ಟಾದರೂ ಅಂತರ ಬೇಕು. ನೂರಡಿ ವೈರು ಹಾಸಿ 500 ಅಡಿಗೆ ನೀರಿದೆ ಎನ್ನುವವನಿಗೆ ಒಂದು ಪೈಸೆ ಕೊಡಬ್ಯಾಡ್ರಿ.

ಇನ್ನೊಂದು ಮೋಸವೂ ಅದ. ತಡೆ ಕಡಿಮೆ ಬಂದರೆ ನೀರೇ ಎಂದು ತಿಳಿಯಬೇಡಿ. ಜೇಡಿಮಣ್ಣೂ ಕಡಿಮೆ ತೋರಿಸುತ್ತದೆ, ಉಪ್ಪುನೀರು ಇನ್ನೂ ಕಡಿಮೆ ತೋರಿಸುತ್ತದೆ. ಡೋಣಿ ಹಳ್ಳದ ಸವಳು ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮಷಿನ್ ತೋರಿಸಿದ ‘ಒಳ್ಳೆ ಪಾಯಿಂಟ್’ ನಿಮ್ಮ ಬೆಳೆಯನ್ನೇ ಸುಟ್ಟೀತು. ಆಳದಲ್ಲಿರುವ ಸಣ್ಣ ಬಿರುಕಂತೂ ಈ ಮಷಿನ್ನಿಗೆ ಕಾಣುವುದೇ ಇಲ್ಲ.

ಅದಕ್ಕೇ ಒಂದು ಹೊಲದ ಒಂದು ಪಾಯಿಂಟ್ ಸಾಲದು. ಇಡೀ ಸೀಮೆಯ ನಕಾಶೆ ಬೇಕು. ಇಂಡಿ, ಸಿಂದಗಿ, ಬಾಗೇವಾಡಿಯಲ್ಲಿ ಹೆಚ್ಚಾಗಿ ಪದರ ಪದರವಾಗಿ ಕುಂತ ಕರಿಕಲ್ಲು. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನಲ್ಲಿ, ಬಿರುಕಿನಲ್ಲಿ, ಎರಡು ಪದರ ಕೂಡುವಲ್ಲಿ. ತಾಳಿಕೋಟಿ ಕಡೆ ಸುಣ್ಣದ ಕಲ್ಲು, ಮುದ್ದೇಬಿಹಾಳದ ಕೆಳಗೆ ಗ್ರಾನೈಟು. ಸರ್ಕಾರ ಈ ನಾಲ್ಕು ತಾಲ್ಲೂಕು ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಅಂತ ಹೊಸ ತಾಲ್ಲೂಕು ಮಾಡಿತು. ನೆಲದ ಕೆಳಗಿನ ಕಲ್ಲು ತಹಶೀಲ್ದಾರರ ಗಡಿ ಕೇಳಿ ಕುಂತಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಚಲೋ ಗೊತ್ತು. ಕೇಂದ್ರ ಅಂತರ್ಜಲ ಮಂಡಳಿ 2012ರಿಂದ ದೇಶದ ನೀರಿನ ಪದರಗಳ ನಕಾಶೆ ಮಾಡುವ ಕಾರ್ಯಕ್ರಮ ನಡೆಸಿದೆ. ನಮ್ಮದೇ ರಾಜ್ಯದ ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಹೆಲಿಕಾಪ್ಟರಿನಿಂದ ನೆಲದ ಒಳಗನ್ನು ಅಳೆದು ನೋಡಿದರು. 2021ರಲ್ಲಿ ರಾಜಸ್ಥಾನ, ಗುಜರಾತ್, ಹರಿಯಾಣಗಳಲ್ಲಿ ಅದೇ ಕೆಲಸ ದೊಡ್ಡದಾಗಿ ಶುರುವಾಯಿತು. ವರದಿಗಳು ಬರೆಯಲ್ಪಡುವುದು ಇಂಗ್ಲಿಷಿನಲ್ಲಿ, ಕೂಡುವುದು ಕಚೇರಿಯ ಕಪಾಟಿನಲ್ಲಿ. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಮಾತ್ರ ನಮ್ಮ ಹೊಲಕ್ಕೆ ಬಂದು ಬಾವಿ ನೋಂದಾಯಿಸಿರಿ, ಅನುಮತಿ ತಗೊಳ್ಳಿರಿ ಅನ್ನುತ್ತದೆ. ನಮ್ಮಿಂದ ಲೆಕ್ಕ ಕೇಳುವವರು ನಮಗೆ ಲೆಕ್ಕ ಕೊಡಬ್ಯಾಡವೇ?

ನಮ್ಮ ಬೇಡಿಕೆ ಮೂರೇ. ಒಂದು, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಊರಿನ ಅಂತರ್ಜಲ ನಕಾಶೆ ಕನ್ನಡದಲ್ಲಿ ತೂಗಬೇಕು. ಎರಡು, ಸರ್ಕಾರಿ ಭೂವಿಜ್ಞಾನಿ ಹೊಲಕ್ಕೆ ಬಂದು ಪಾಯಿಂಟ್ ನೋಡಿ ಬರಹದಲ್ಲಿ ಕೊಡಬೇಕು. ಮೂರು, ಬೋರಿಗೆ ಸಾಲ ಕೊಡುವ ಬ್ಯಾಂಕು ಆ ಬರಹ ನೋಡಿಯೇ ಸಾಲ ಕೊಡಬೇಕು. ಅದನ್ನು ನಂಬಿ ಕೊರೆಸಿದ ಬೋರು ಬತ್ತಿದರೆ ನಷ್ಟದಲ್ಲಿ ಸರ್ಕಾರಕ್ಕೂ ಪಾಲಿರಬೇಕು.

ನಮ್ಮ ಕೈಯಿಂದ ಆಗುವ ಕೆಲಸವೂ ಒಂದದೆ. ಫೇಲಾದ ಪ್ರತಿ ಬೋರು ನೀವು ರೊಕ್ಕ ಕೊಟ್ಟು ಕೊಂಡ ವಿದ್ಯೆ. ಎಷ್ಟು ಅಡಿಗೆ ಯಾವ ಕಲ್ಲು, ಎಲ್ಲಿ ಹಸಿ, ನೀರು ಸಿಹಿಯೋ ಸವಳೋ ಎಂದು ಒಂದು ವಹಿಯಲ್ಲಿ ಬರೆದಿಡಿರಿ. ಊರಿನ ವಹಿಗಳೆಲ್ಲ ಒಂದುಗೂಡಿದರೆ ಯಾವ ಮಷಿನ್ನಿನವನೂ ನಿಮಗೆ ಸುಳ್ಳು ಹೇಳಲಾರ. ಮುಂದಿನ ಗ್ರಾಮಸಭೆಗೆ ಆ ವಹಿ ಹಿಡಿದು ಹೋಗಿರಿ, ನಕಾಶೆ ಎಲ್ಲಿ ಅಂತ ಕೇಳಿರಿ.