ಕೆಟ್ಟ ಬಿಯರು, ಕಡ ತಂದ ಹೆಪ್ಪು

ಮನೆಯಲ್ಲಿ ಬಿಯರು ತಯಾರಿಸುವ ಹವ್ಯಾಸ ಇಂಗ್ಲೆಂಡು, ಅಮೆರಿಕಗಳಲ್ಲಿ ಇಂದು ತೋಟಗಾರಿಕೆಯಷ್ಟೇ ಸಹಜವಾದುದು. ಇಂಗ್ಲೆಂಡಿನಲ್ಲಿ 1963ರಲ್ಲಿ ಅದಕ್ಕೆ ಪರವಾನಗಿಯ ಅಗತ್ಯ ತಪ್ಪಿತು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ದಾರಿ ತೆರೆಯಿತು. ಮಹಾರಾಷ್ಟ್ರದಲ್ಲಿ ನೆಲೆಸಿದ ನಮಗೆ ಪರವಾನಗಿಯಿಲ್ಲದೆ ಅದು ಸಲ್ಲದು. ಆದರೂ ಆ ಹವ್ಯಾಸಿಗಳನ್ನು ಕಾಡುವ ಒಂದು ಪ್ರಶ್ನೆ, ಮಳೆಗಾಲದಲ್ಲಿ ದೋಸೆಹಿಟ್ಟಿನೊಡನೆ ಹೆಣಗುವ ನಮಗೆ ಪರಕೀಯವಲ್ಲ. 20 ಲೀಟರು ಬಿಯರು, 3 ವಾರಗಳ ಕಾಯುವಿಕೆ. ಮುಚ್ಚಳ ತೆರೆದರೆ ಬೇಡದ ವಾಸನೆ. ಮುಂದೇನು?

ಕೆಲವರು ಮರುಮಾತಿಲ್ಲದೆ ಮೋರಿಗೆ ಸುರಿಯುತ್ತಾರೆ. ಕೆಲವರು ಹಣ್ಣಿನ ರಸವನ್ನೋ ಮಸಾಲೆಯನ್ನೋ ಬೆರೆಸಿ ಗೆಳೆಯರಿಗೆ ಬಡಿಸುತ್ತಾರೆ. ಮೊದಲನೆಯದು ಅವಸರ, ಎರಡನೆಯದು ವಂಚನೆ ಎಂಬುದು ನಮ್ಮ ಅಭಿಪ್ರಾಯ.

ಅವಸರವೆನ್ನಲು ಕಾರಣವುಂಟು. ಕೆಟ್ಟಿತೆಂದು ಭಾವಿಸುವ ಬಿಯರೆಲ್ಲ ಕೆಟ್ಟಿರುವುದಿಲ್ಲ. ಹಸಿ ಸೇಬಿನ ವಾಸನೆ ಬಂದರೆ ಅದು ಬಹುಮಟ್ಟಿಗೆ ಇನ್ನೂ ಎಳೆಯದು. ಬೆಣ್ಣೆಯ ವಾಸನೆಯನ್ನು ಹುಟ್ಟಿಸಿದ ಯೀಸ್ಟೇ, ಇನ್ನೂ ಕೆಲವು ದಿನ ತುಸು ಬೆಚ್ಚಗೆ ಬಿಟ್ಟರೆ, ಅನೇಕ ಸಲ ಅದನ್ನು ತಾನೇ ಹೀರಿಕೊಳ್ಳುತ್ತದೆ. ಕೊಳೆತ ಮೊಟ್ಟೆಯ ಗಂಧಕದ ನಾತವೂ ಎಷ್ಟೋ ಬಾರಿ ತಾನಾಗಿ ಹಾರಿಹೋಗುತ್ತದೆ. ಒದ್ದೆ ರಟ್ಟಿನ ರುಚಿ ಮಾತ್ರ ಗಾಳಿ ತಗುಲಿದ್ದರ ಗುರುತು. ಕಾದರೆ ಅದು ಹೋಗದು. ವಿನಿಗರಿನ ಘಾಟು ಗಾಳಿಯನ್ನೇ ನೆಚ್ಚಿದ ಬ್ಯಾಕ್ಟೀರಿಯಾದ ಕೆಲಸ. ಮೇಲೆ ಬಣ್ಣದ ಬೂಸಲು ತುಪ್ಪುಳಿನಂತೆ ಬೆಳೆದಿದ್ದರೆ ರುಚಿ ನೋಡುವ ಸಾಹಸವೂ ಬೇಡ, ಚೆಲ್ಲಬೇಕು. ಚೆಲ್ಲುವುದನ್ನು ನಾವು ಆಕ್ಷೇಪಿಸುವುದಿಲ್ಲ. ದೋಷದ ಹೆಸರು ತಿಳಿಯದೆ ಚೆಲ್ಲುವುದನ್ನು ಆಕ್ಷೇಪಿಸುತ್ತೇವೆ. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಿಚ್ಚಿ ತೊಳೆಯದ ನಲ್ಲಿಯಲ್ಲಿ, ಹಳೆಯ ಕೊಳವೆಯಲ್ಲಿ ಅಡಗಿದ ಜೀವಿ ಮುಂದಿನ 20 ಲೀಟರಿಗಾಗಿ ಅಲ್ಲೇ ಕಾದಿರುತ್ತದೆ.

ಬ್ರಸೆಲ್ಸಿನ ಸುತ್ತಮುತ್ತ ಲ್ಯಾಂಬಿಕ್ ಎಂಬ ಬಿಯರನ್ನು ಗಾಳಿಯಲ್ಲಿನ ಜೀವಿಗಳಿಂದಲೇ ಹುದುಗಿಸಿ ಹುಳಿ ಬರಿಸುತ್ತಾರಲ್ಲ, ನಮ್ಮದೂ ಅಂಥದೇ ಎಂದು ವಾದಿಸುವವರಿದ್ದಾರೆ. ಅಲ್ಲಿನವರು ಬಯಸಿ, ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕಾದು ಪಡೆಯುವ ಹುಳಿ ಅದು. ಆಕಸ್ಮಿಕಕ್ಕೆ ಆ ಹೆಸರಿಡುವುದು ಒಡೆದ ಹಾಲನ್ನು ರಸಗುಲ್ಲವೆಂದು ಬಡಿಸಿದಂತೆ.

ಈ ವಿಷಯದಲ್ಲಿ ನಮಗೆ ಮೆಚ್ಚುಗೆಯಾದುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಕಾರ್ಖಾನೆಯ ನಡತೆ. ಅದರ ಸ್ಥಾಪಕ ಜೆ. ಸಿ. ಯಾಕೊಬ್ಸನ್ 1845ರಲ್ಲಿ ಮ್ಯೂನಿಕ್ಕಿನಿಂದ ಯೀಸ್ಟನ್ನು ತಂದಿದ್ದರು. ನಮ್ಮ ಮನೆಗಳ ಮಾತಿನಲ್ಲಿ ಹೇಳುವುದಾದರೆ, ಹೆಪ್ಪು ಕಡ ತಂದರು. 1883ರಲ್ಲಿ ಅಲ್ಲಿನ ಬಿಯರು ರುಚಿಗೆಟ್ಟಿತು. ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಎಮಿಲ್ ಕ್ರಿಸ್ಟಿಯನ್ ಹಾನ್ಸೆನ್ ಹೆಪ್ಪನ್ನು ಪರೀಕ್ಷಿಸಿ, ಅದರಲ್ಲಿ ಕಾಡು ಯೀಸ್ಟು ಬೆರೆತಿರುವುದನ್ನು ಕಂಡರು. ಬಿಯರು ಕೆಡುವುದು ಬ್ಯಾಕ್ಟೀರಿಯಾದಿಂದ ಎಂದು ಪಾಶ್ಚರ್ 1876ರ ತಮ್ಮ ಗ್ರಂಥದಲ್ಲಿ ತೋರಿಸಿದ್ದರು. ಯೀಸ್ಟಿನಲ್ಲೇ ಒಳ್ಳೆಯದು, ಕೆಟ್ಟದ್ದು ಎಂಬ ಭೇದವಿದೆಯೆಂಬುದು ಹಾನ್ಸೆನ್ ಅವರ ಕಾಣ್ಕೆ. ಒಂದೇ ಒಂದು ಜೀವಕೋಶದಿಂದ ಅವರು ಶುದ್ಧ ಹೆಪ್ಪನ್ನು ಬೆಳೆಸಿದರು. ಯಾಕೊಬ್ಸನ್ ಅದನ್ನು ಬಚ್ಚಿಡಲಿಲ್ಲ, ಕೇಳಿದ ಇತರ ತಯಾರಕರಿಗೆ ಹಣ ಪಡೆಯದೆ ಕೊಟ್ಟರು. ತಮ್ಮ ಬಿಯರು ಕೆಟ್ಟಿತ್ತೆಂಬ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಈ ಹಂಚಿಕೆ ಸಾಧ್ಯವಾಗುತ್ತಿತ್ತೇ? ಮೊಸರು ಕೆಟ್ಟ ದಿನ ಪಕ್ಕದ ಮನೆಯ ಬಾಗಿಲು ತಟ್ಟಿ ಹೆಪ್ಪು ಕೇಳಲು ನಾಚದ ನಾವು ಇದನ್ನು ಸುಲಭವಾಗಿ ಅರಿತೇವು.

ದೋಷ ತಿಳಿದ ಮೇಲಿನ ಕೆಲಸ ಸ್ವಲ್ಪವೇ. ಬಾಟಲಿಗೆ ತುಂಬಿದ ನಂತರ ಕಾಡು ಯೀಸ್ಟಿನ ಅನುಮಾನ ಬಂದರೆ ತಡಮಾಡಬಾರದು, ಅದು ಉಳಿದ ಸಕ್ಕರೆಯನ್ನು ತಿನ್ನುತ್ತ ಹೋದಂತೆ ಒತ್ತಡ ಏರಿ ಗಾಜು ಸಿಡಿಯಬಹುದು. ಬಾಟಲಿಗಳನ್ನು ತಣ್ಣಗಾಗಿಸಿ, ದಪ್ಪ ಬಟ್ಟೆ ಸುತ್ತಿ ಮುಚ್ಚಳ ತೆಗೆಯಬೇಕು. ಬರಿಯ ವಿನಿಗರಿನ ಹುಳಿಯಾದರೆ ಅಗಲ ಬಾಯಿಯ ಜಾಡಿಗೆ ಸುರಿದು, ತೆಳುಬಟ್ಟೆ ಕಟ್ಟಿ ಕೆಲವು ವಾರ ಬಿಡಬಹುದು. ಮಾಲ್ಟ್ ವಿನಿಗರಿನ ಹುಟ್ಟು ಇಂಥ ಹುಳಿತ ಬಿಯರಿನಿಂದಲೇ. ಹಾಪ್ಸಿನ ಕಹಿ ಅದರಲ್ಲಿ ಉಳಿಯುತ್ತದೆ, ನಾಲಗೆಗೆ ಅದು ಒಗ್ಗಬೇಕು. ಹುಳಿಯ ಪ್ರಮಾಣವನ್ನು ಅಳೆಯದ ಕಾರಣ ಉಪ್ಪಿನಕಾಯಿಗೆ ಬಳಸಬಾರದು, ಕೋಸಂಬರಿಯ ಮೇಲೆ ನಾಲ್ಕು ಹನಿ ಸಾಕು.